ಆಯುಧಪೂಜೆಯ ರಾತ್ರಿ ಹೊರಗುಳಿದ ಬ್ಯಾಟರಿ

ಕೆನಡಾಕ್ಕೆ ಹೋಗಿ ಬಂದೆ ಅಂದರೆ ಜನ ಮೊದಲು ಕೇಳೋದು, ಆ ದೊಡ್ಡ ಜಲಪಾತ ನೋಡಿದಿರಾ ಅಂತ. ನೋಡಲಿಲ್ಲ. ಆಮೇಲೆ ಕೇಳೋದು, ಹಿಮ ಹೇಗಿತ್ತು ಅಂತ. ಬೇಕಾದಷ್ಟಿತ್ತು, ಬೇಡ ಅನ್ನೋಷ್ಟಿತ್ತು. ಇಷ್ಟು ಹೇಳಿದ ಮೇಲೆ ನನ್ನ ಹತ್ತಿರ ಉಳಿಯೋದು ಒಂದು ಬ್ಯಾಟರಿ ವಿಷಯ ಮಾತ್ರ. ಪ್ರವಾಸ ಅಂದರೆ ಚೆಂದದ್ದನ್ನೇ ಬರೀಬೇಕು ಅನ್ನೋರು ಇಲ್ಲಿಗೇ ಪುಟ ಮಗುಚಬಹುದು.

ತುಮಕೂರು ಬಸ್ ಸ್ಟ್ಯಾಂಡು

ನಾನು ಕುಣಿಗಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದ ಕಾಲ ಅದು. ಕುಣಿಗಲ್‌ಗೆ ಇನ್ನೂ ಟಿವಿ ಬಂದಿರಲಿಲ್ಲ, ವಿದೇಶಕ್ಕೆ ಹೋಗೋರು ಅಂದರೆ ಜನ ಬಸ್ ಸ್ಟ್ಯಾಂಡಿನ ತನಕ ಹಾರ ತಗೊಂಡು ಬರೋರು. ನನ್ನ ಜೊತೆ ಟೀಚರುಗಳು ಆರು ಜನ ತುಮಕೂರು ತನಕ ಬಂದು, ಬೆಂಗಳೂರು ಬಸ್ಸಿನ ಕಿಟಕಿಯಿಂದ ಹಾರ ಒಳಗೆ ತೂರಿಸಿದರು. ಪಕ್ಕದ ಸೀಟಿನವನು ಯಾವುದಾದರೂ ಎಲೆಕ್ಷನ್ ಗೆದ್ದಿರಾ ಅಂತ ಕೇಳಿದ.

ನನ್ನ ತಂಗಿ ವಿಮಲ ಕೆನಡಾದ ಉತ್ತರದ ಕಡೆ ಇದ್ದಳು. ಗಂಡ ಪ್ರಭಾಕರ ಅಲ್ಲಿನ ಹವಾಮಾನ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ. ವಿಮಲ ಮದುವೆಗೆ ಮುಂಚೆ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ನು. ಮೈಕ್ರೋಸ್ಕೋಪಿನ ಮುಂದೆ ಕೂತರೆ ಊಟ ಮರೆಯೋಳು. ಮದುವೆಯಾಗಿ ಆರು ವರ್ಷ ಆ ಹಿಮದಲ್ಲಿ ಅವಳು ಮಾಡಿದ್ದು ಅನ್ನ, ಸಾರು, ಸ್ವೆಟರು. ಈಗ ಹತ್ತಿರದ ಪಟ್ಟಣದ ಆಸ್ಪತ್ರೆಯವರು ಲ್ಯಾಬ್ ಕೆಲಸಕ್ಕೆ ಇಂಟರ್‌ವ್ಯೂಗೆ ಕರೆದಿದ್ದರು. ಹತ್ತಿರ ಅಂದರೆ ವಿಮಾನದಲ್ಲಿ ಎರಡು ಗಂಟೆ. ಕೇಂದ್ರದ ರೇಡಿಯೋ ಮೂಲಕ ಫೋನ್ ಮಾಡಿಸಿ ಮೂರು ನಿಮಿಷ ಮಾತಾಡಿ, ಅದರಲ್ಲಿ ಒಂದು ನಿಮಿಷ ಅತ್ತು, "ಅಕ್ಕ, ದಸರಾ ರಜಕ್ಕೆ ಬಂದುಬಿಡು. ನೀನು ಜೊತೆಗಿದ್ರೆ ನಂಗೆ ಧೈರ್ಯ" ಅಂದಳು. ನಾನು ರಜದ ಜೊತೆಗೆ ಇನ್ನಷ್ಟು ರಜ ಅಂಟಿಸಿಕೊಂಡು ಹೊರಟೆ. ಅಮ್ಮ ಗುಬ್ಬಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ಅಲ್ಲಿಂದ ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ ಎಲ್ಲ ಕಟ್ಟಿಕೊಟ್ಟಳು.

ರಸ್ತೆಯಿಲ್ಲದ ಊರು

ಮೂರು ವಿಮಾನ ಬದಲಾಯಿಸಿದೆ. ಕೊನೆಯದಂತೂ ನಮ್ಮ ಹೆಬ್ಬೂರು ಕಡೆ ಓಡೋ ಪ್ರೈವೇಟ್ ಬಸ್ಸಿಗಿಂತ ಚಿಕ್ಕದು. ಒಳಗೆ ನಾನು, ಪೈಲಟ್ಟು, ಮಿಕ್ಕಿದ್ದೆಲ್ಲ ಹಿಟ್ಟಿನ ಮೂಟೆ. ವಾರಕ್ಕೊಂದೇ ಸಲ, ಮಂಗಳವಾರ ಬೆಳಿಗ್ಗೆ ಅದು ಬಂದು ಹೋಗೋದು. ಇಳಿದ ಜಾಗದಲ್ಲಿ ಊರೂ ಇಲ್ಲ, ರಸ್ತೆಯೂ ಇಲ್ಲ. ಸೀರೆ ಮೇಲೆ ಎರಡು ಸ್ವೆಟರು, ಅದರ ಮೇಲೆ ವಿಮಲ ಕಳಿಸಿದ್ದ ಕೋಟು ಹಾಕಿಕೊಂಡು ನಿಂತಿದ್ದೆ. ಮೂಗು ಇದೆಯೋ ಬಿದ್ದುಹೋಯಿತೋ ಅಂತ ಮುಟ್ಟಿ ನೋಡಿಕೊಂಡೆ.

ಪ್ರಭಾಕರ ಸ್ನೋಮೊಬೈಲ್ ತಂದಿದ್ದ. ನೋಡದವರಿಗೆ ಹೇಳಬೇಕು ಅಂದರೆ, ಸ್ಕೂಟರಿನ ಹಾಗೆ ಸೀಟು, ಮುಂದೆ ಚಕ್ರದ ಬದಲು ಎರಡು ಜಾರುಹಲಗೆ, ಕೆಳಗೆ ರೈಸ್ ಮಿಲ್ಲಿನ ಬೆಲ್ಟಿನಂಥ ಅಗಲದ ರಬ್ಬರ್ ಪಟ್ಟಿ. ಹಿಂದೆ ಒಂದು ಮರದ ತೊಟ್ಟಿ ಕಟ್ಟಿರುತ್ತಾರೆ. ನನ್ನನ್ನು ಆ ತೊಟ್ಟಿಯಲ್ಲಿ ಹಿಟ್ಟಿನ ಮೂಟೆಗಳ ನಡುವೆ ಕೂರಿಸಿ ಕಂಬಳಿ ಹೊದಿಸಿದ. ಕಾಡಿನ ಹಾದಿಯಲ್ಲಿ ಹತ್ತು ಹನ್ನೆರಡು ಮೈಲಿ. ಕೈಯಲ್ಲಿ ಇಪ್ಪತ್ತು ವರ್ಷ ಬೆತ್ತ ಹಿಡಿದ ಹೆಡ್‌ಮಿಸ್ಟ್ರೆಸ್ಸು ಹೀಗೆ ಊರು ಸೇರಿದಳು.

ಪ್ರಭಾಕರನ ಬಗ್ಗೆ ನ್ಯಾಯವಾಗಿ ಹೇಳಬೇಕು. ಕುಡಿತ ಇಲ್ಲ, ಕೂಗಾಟ ಇಲ್ಲ. ಕೊತ್ತಗೆರೆ ಕಡೆಯ ಮನೆತನ, ನಯವಾದ ಮಾತು. ಬಾಯಲ್ಲಿ "ಇಲ್ಲ" ಅನ್ನೋ ಪದವೇ ಬರೋದಿಲ್ಲ. ವಿಮಲ ಕೆಲಸಕ್ಕೆ ಹೋಗ್ತೀನಿ ಅಂದಾಗಲೂ ಅವನು ಬೇಡ ಅನ್ನಲಿಲ್ಲವಂತೆ. "ನೋಡೋಣ ಬುಡು" ಅಂದನಂತೆ. ಹಾಗೆ ನೋಡುತ್ತಾ ನೋಡುತ್ತಾ ಆರು ವರ್ಷ.

ಅಲ್ಲಿದ್ದದ್ದು ಕೇಂದ್ರದ ಕಟ್ಟಡ, ಜನರೇಟರ್ ಶೆಡ್ಡು, ನಾಲ್ಕು ಮನೆ. ಎರಡು ಮನೆ ಖಾಲಿ. ಇನ್ನೊಂದರಲ್ಲಿ ಹೆಲ್ಗಾ ಅನ್ನೋ ವಯಸ್ಸಾದ ಹೆಂಗಸು, ಬೇಸಿಗೆಯಲ್ಲಿ ಕೇಂದ್ರಕ್ಕೆ ಬರೋರಿಗೆ ಅಡುಗೆ ಮಾಡೋಳು. ಅಲ್ಲಿದ್ದ ಇನ್ನೊಂದೇ ಗಾಡಿ ತಗೊಂಡು ಅವಳ ಮಗ ಬೇಟೆಗೆ ಹೋಗಿದ್ದ, ಬರೋದು ಇನ್ನೂ ಹತ್ತು ದಿನ. ಮನೆಗಳಿಗೆ ಬೀಗ ಹಾಕೋ ಪದ್ಧತಿ ಇಲ್ಲ. ಚಳಿಗೆ ಸಿಕ್ಕಿದೋರು ಯಾರೇ ಆಗಲಿ ಬಾಗಿಲು ತಳ್ಳಿಕೊಂಡು ಒಳಗೆ ಬರಬಹುದಂತೆ. ನಮ್ಮಲ್ಲಿ ಕೊಡ ಹೊರಗಿಟ್ಟರೆ ಬೆಳಿಗ್ಗೆ ಇರೋದಿಲ್ಲ ಅಂದೆ. ಹೆಲ್ಗಾ ನಂಬಲಿಲ್ಲ. ನಮ್ಮ ದೇಶವನ್ನು ನಾನು ಬೇಕಂತಲೇ ಬೈತಿದ್ದೀನಿ ಅಂದುಕೊಂಡಳು.

ಅಡುಗೆಮನೆಯಲ್ಲಿ ಬ್ಯಾಟರಿ

ಮೊದಲನೇ ಸಂಜೆಯೇ ನಂಗೊಂದು ಆಶ್ಚರ್ಯ ಕಾದಿತ್ತು. ವಿಮಲ ಹೊರಗೆ ಹೋಗಿ, ಗಾಡಿಯ ಬ್ಯಾಟರಿ ಬಿಚ್ಚಿ, ಎದೆಗವಚಿಕೊಂಡು ಒಳಗೆ ತಂದು, ಒಲೆ ಪಕ್ಕದ ಹಲಗೆ ಮೇಲಿಟ್ಟು ಟವೆಲು ಹೊದಿಸಿದಳು.

"ಇದೇನೇ ಇದು, ಅಡುಗೆಮನೇಲಿ ಬ್ಯಾಟರಿ?"

"ಹೊರಗೆ ಬಿಟ್ರೆ ಸತ್ತೋಗುತ್ತೆ ಅಕ್ಕ. ಇಲ್ಲಿ ಎಲ್ರೂ ಒಳಗೇ ತರ್ತಾರೆ. ಬೆಳಿಗ್ಗೆ ಹಾಕೋದು, ಸಂಜೆ ಬಿಚ್ಚೋದು. ಲೋಟ ತೊಳೆದಂಗೆ ಅಭ್ಯಾಸ ಆಗೋಗಿದೆ."

ನಮಗೆ ಬ್ಯಾಟರಿ ಹೊಸದಲ್ಲ. ನಮ್ಮಪ್ಪ ತುಮಕೂರಿನಿಂದ ಹೆಬ್ಬೂರು ಮೇಲೆ ಕುಣಿಗಲ್‌ಗೆ ಹೋಗೋ ಬಸ್ಸಿನ ಡ್ರೈವರು. ಆ ಬಸ್ಸಿನ ಬ್ಯಾಟರಿ ವಾರಕ್ಕೊಮ್ಮೆ ಮಲಗೋದು. ಚಾರ್ಜಿಗೆ ಅಂತ ಸೈಕಲ್ ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಹೋಗೋರು. ಒಂದೊಂದು ಸಲ ಮನೆಗೆ ತಂದರೆ ಅಮ್ಮ ಜಗಲಿ ದಾಟಿ ಒಳಗೆ ಬಿಡುತ್ತಿರಲಿಲ್ಲ. ಆ್ಯಸಿಡ್ ತಾಗಿ ಅವಳ ಒಂದು ಸೀರೆ ಜರಡಿ ಆಗಿತ್ತು. ಬ್ಯಾಟರಿ ಸತ್ತ ದಿನ ಬಸ್ಸನ್ನು ಜನ ಇಳಿದು ತಳ್ಳೋರು. ರಾಗಿ ಮೂಟೆಯವನು, ತೆಂಗಿನಕಾಯಿಯವನು, ಹಾಲಿನ ಕ್ಯಾನಿನವನು, ತಾಲ್ಲೂಕು ಕಚೇರಿಗೆ ಹೋಗೋ ಗುಮಾಸ್ತ, ಎಲ್ಲರೂ. ಅಪ್ಪ ಕಿಟಕಿಯಿಂದ ತಲೆ ಹಾಕಿ, "ಜೋರಾಗಿ ತಳ್ರಪ್ಪ, ಉಂಡಿಲ್ವಾ ಬೆಳಿಗ್ಗೆ" ಅನ್ನೋರು. ಬಸ್ಸು ಗುಡುಗುಟ್ಟಿ ಹೊರಟರೆ ಎಲ್ಲರೂ ಓಡಿ ಹತ್ತಿಕೊಳ್ಳೋರು. ನಮ್ಮೂರಲ್ಲಿ ಬ್ಯಾಟರಿ ಸತ್ತರೆ ಅದು ಊರಿನ ಕಷ್ಟ ಆಗೋದು.

ಇಲ್ಲಿ ತಳ್ಳೋಕೆ ಜನ ಎಲ್ಲಿ? ಅದಕ್ಕೇ ಬ್ಯಾಟರಿಗೆ ಈ ಮರ್ಯಾದೆ. ಹೆಲ್ಗಾ ಚಹಾ ಕುಡಿಯುತ್ತಾ ಹೇಳಿದಳು, "ಇಲ್ಲಿ ನಾಯಿ ರಾತ್ರಿ ಹೊರಗಿರುತ್ತೆ. ಬ್ಯಾಟರಿ ಇರಲ್ಲ."

ಆ ವಾರವೆಲ್ಲ ವಿಮಲ ಓದಿದಳು. ಟ್ರಂಕಿನಿಂದ ಹಳೇ ಪುಸ್ತಕ ತೆಗೆದು, ಮೇಜಿನ ಮೇಲೆ ಹರಡಿಕೊಂಡು, ನಾನು ಪ್ರಶ್ನೆ ಕೇಳೋದು, ಅವಳು ಉತ್ತರ ಹೇಳೋದು. ಒಂದು ಸಂಜೆ ಅವಳು ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುವುದನ್ನು ಕದ್ದು ನೋಡಿದೆ. ಮದುವೆಯಾದ ಮೇಲೆ ಅವಳ ಮುಖದಲ್ಲಿ ಆ ಕಳೆ ನೋಡಿರಲಿಲ್ಲ. ಪ್ರಭಾಕರ ಪೇಪರು ಓದುತ್ತಾ, ಪುಟದ ಮೇಲಿನಿಂದ ಅವಳನ್ನೇ ನೋಡುತ್ತಿದ್ದ.

ಆಯುಧಪೂಜೆ

ಸೋಮವಾರ ಆಯುಧಪೂಜೆ, ಮಂಗಳವಾರ ವಿಜಯದಶಮಿ. ವಿಮಾನ ಮಂಗಳವಾರ, ಇಂಟರ್‌ವ್ಯೂ ಬುಧವಾರ. "ವಿಜಯದಶಮಿ ದಿನಾನೇ ಹೊರಡ್ತಿದೀನಿ ನೋಡು ಅಕ್ಕ, ಕೆಲಸ ಸಿಕ್ಕಿದಂಗೇ" ಅಂದಳು ವಿಮಲ.

ಸೋಮವಾರ ಮಧ್ಯಾಹ್ನ ಪ್ರಭಾಕರನೇ ಮಾತು ತೆಗೆದ. "ಅಕ್ಕ, ನೀವು ಹೆಂಗೂ ಕುಂಕುಮ, ಕರ್ಪೂರ ತಂದಿದೀರ. ಗಾಡಿಗೊಂದು ಪೂಜೆ ಮಾಡ್ಬುಡೋಣ. ನಾಳೆ ಒಳ್ಳೇ ಕೆಲಸಕ್ಕೆ ಹೊರಟಿದಾಳೆ."

ನಾನು ವಿಮಲನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆರು ವರ್ಷದಲ್ಲಿ ಆ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದರೆ "ಹೊಗೆ ಅಲಾರಂ ಹೊಡ್ಕೊಳುತ್ತೆ" ಅನ್ನುತ್ತಿದ್ದ ಗಂಡಸು. ನಮಗೆ ಎಷ್ಟು ಖುಷಿಯಾಯಿತು ಅಂದರೆ, ಇವತ್ತೇ ಯಾಕೆ ಅಂತ ಕೇಳೋದೂ ಹೊಳೆಯಲಿಲ್ಲ.

ಸಂಜೆ ಐದಕ್ಕೆಲ್ಲ ಕತ್ತಲು. ಗಾಡಿ ಮೇಲಿನ ಹಿಮ ಬಳಿದು, ವಿಭೂತಿ ಎಳೆದು, ಕುಂಕುಮ ಇಟ್ಟೆವು. ಹೂವಿಲ್ಲ. ವಿಮಲ ಕೆಂಪು ಉಲ್ಲನ್ನೇ ಹಾರ ಮಾಡಿ ಹ್ಯಾಂಡಲಿಗೆ ಸುತ್ತಿದಳು. ಬೂದುಗುಂಬಳಕ್ಕೆ ಬದಲು ಒಂದು ಎಲೆಕೋಸು. ನಿಂಬೆಹಣ್ಣು ಹೆಪ್ಪುಗಟ್ಟಿ ಗುಂಡುಕಲ್ಲಾಗಿತ್ತು, ಅದನ್ನೇ ರಬ್ಬರ್ ಪಟ್ಟಿ ಕೆಳಗಿಟ್ಟೆವು. ಮಂಗಳಾರತಿ ಹೊತ್ತಿಗೆ ಬಸ್ಸಿಗೆ ಮಾಡುವ ಹಾಗೆ ಕೀ ತಿರುಗಿಸಿ ಹೆಡ್‌ಲೈಟು ಹಾಕಿದ ಪ್ರಭಾಕರ. ಹಿಮದ ಮೇಲೆ ಬೆಳಕು ಬಿದ್ದು ಕಾಡಿನ ತನಕ ಹಳದಿಯಾಯಿತು. ಡ್ರಾಯಿಂಗ್ ಮೇಷ್ಟರ ಹತ್ತಿರ ಕಡ ತಂದಿದ್ದ ಕ್ಯಾಮೆರಾದಲ್ಲಿ ನಾನೊಂದು ಫೋಟೋ ಹೊಡೆದೆ. ಗಂಡನ ಕೈಯಲ್ಲಿ ಆರತಿ ತಟ್ಟೆ, ಹೆಂಡತಿ ಕೈಮುಗಿದಿದಾಳೆ, ಗಾಡಿಯ ದೀಪ ಉರಿಯುತ್ತಿದೆ.

ಪೂಜೆ ಮುಗಿದ ಮೇಲೆ ವಿಮಲ ಅಭ್ಯಾಸದಂತೆ ಬ್ಯಾಟರಿ ಬಿಚ್ಚಲು ಬಗ್ಗಿದಳು.

"ಏಯ್, ಮುಟ್ಬೇಡ," ಅಂದ ಪ್ರಭಾಕರ. "ಪೂಜೆ ಆದ್ಮೇಲೆ ಇವತ್ತು ಏನೂ ಕಳಚೋ ಹಂಗಿಲ್ಲ. ನಾಳೆ ಬೆಳಿಗ್ಗೆ ತೆಗೆಯೋದು. ಅಲ್ವಾ ಅಕ್ಕ? ನಿಮ್ಮ ಕಡೆ ಹೆಂಗೆ?"

ನನ್ನನ್ನೇ ಕೇಳಿದ. ಇರುವುದನ್ನು ಇದ್ದ ಹಾಗೆ ಹೇಳಿದೆ. ಅಪ್ಪನೂ ಬಸ್ಸಿಗೆ ಪೂಜೆ ಮಾಡಿದರೆ ಮಾರನೇ ಬೆಳಿಗ್ಗೆ ತನಕ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಹೌದು, ಮುಟ್ಟಲ್ಲ ಅಂದೆ. ವಿಮಲ ಅನುಮಾನಿಸಿದಳು. "ಒಂದೇ ರಾತ್ರಿ ಕಣೇ," ಅಂದ ಅವನು, "ಫುಲ್ ಚಾರ್ಜ್ ಇರೋ ಬ್ಯಾಟರಿ ಒಂದು ರಾತ್ರಿಗೆ ಏನೂ ಆಗಲ್ಲ. ಮೇಲೊಂದು ಗೋಣಿ ಹೊದಿಸ್ತೀನಿ. ನೀವಿಬ್ರೂ ಒಳಗೆ ನಡೀರಿ, ಲೈಟ್ ನಾನು ಆರಿಸಿ ಬರ್ತೀನಿ."

ನಾವು ಒಳಗೆ ಬಂದೆವು. ಅವನು ಸ್ವಲ್ಪ ಹೊತ್ತಿಗೆ ಬಂದ, ಪಾಯಸ ಎರಡು ಸಲ ಹಾಕಿಸಿಕೊಂಡ, ಎದ್ದು ಹೋಗಿ ಕಿಟಕಿಗಳ ಪರದೆ ಎಳೆದ.

ವಿಜಯದಶಮಿ

ಬೆಳಿಗ್ಗೆ ವಿಮಲ ಸೀರೆ ಬಿಟ್ಟು ಪ್ಯಾಂಟು ಕೋಟು ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ಬ್ಯಾಗ್ ಹಿಡಿದು ಹೊರಗೆ ಬಂದಳು. ಗುಂಡಿ ಒತ್ತಿದಳು. ಟಕ್ ಅಂತ ಕೂಡ ಅನ್ನಲಿಲ್ಲ. ಕೀ ನೋಡಿದರೆ ರಾತ್ರಿ ತಿರುಗಿಸಿದ ಹಾಗೇ ಇತ್ತು. ಮೇಲೆ ಗೋಣಿ ನೀಟಾಗಿ ಹೊದಿಸಿತ್ತು. ಅದರ ಕೆಳಗೆ ಹೆಡ್‌ಲೈಟು ಉರಿದು ಉರಿದು ತಾನೇ ಆರಿಹೋಗಿತ್ತು.

ಕೈಯಿಂದ ಎಳೆದು ಸ್ಟಾರ್ಟ್ ಮಾಡೋಕೆ ಒಂದು ಹಗ್ಗ ಇರುತ್ತಂತೆ. ಅದು ಹೋದ ಚಳಿಗಾಲದಲ್ಲೇ ಕಿತ್ತುಹೋಗಿ, ಗುಂಡಿ ಇದೆಯಲ್ಲ ಅಂತ ಪ್ರಭಾಕರ ಹಾಕಿಸಿರಲಿಲ್ಲ. ನನಗೆ ತಿಳಿದದ್ದು ಒಂದೇ ವಿದ್ಯೆ. "ತಳ್ಳೋಣ ನಡೀರಿ" ಅಂದೆ. ಕೋಟಿನ ತೋಳು ಮೇಲೆತ್ತಿ ಹಿಂದಿನಿಂದ ತಳ್ಳಿದೆ, ವಿಮಲನೂ ತಳ್ಳಿದಳು. ನಾಲ್ಕು ಹೆಜ್ಜೆ ಜಾರಿ ನಿಂತಿತು. ನಾನು ಮುಗ್ಗರಿಸಿ ಕೆಂಪು ಉಲ್ಲಿನ ಹಾರದ ಮೇಲೆ ಬಿದ್ದೆ.

"ಅಕ್ಕ, ಇದು ಹೆಬ್ಬೂರು ಬಸ್ಸಲ್ಲ. ತಳ್ಳಿದ್ರೆ ಸ್ಟಾರ್ಟ್ ಆಗೋ ಜಾತಿ ಅಲ್ಲ ಇದು," ಅಂದ ಪ್ರಭಾಕರ. ಮುಖದಲ್ಲಿ ನಗು ಇತ್ತು.

ಸದ್ದಿಗೆ ಹೆಲ್ಗಾ ಬಂದಳು. ಬ್ಯಾಟರಿ ಕೈಗೆತ್ತಿಕೊಂಡು ಅಲ್ಲಾಡಿಸಿದಳು. ಒಳಗೆ ನೀರಿನ ಸದ್ದಿಲ್ಲ. ಪಕ್ಕದಲ್ಲಿ ಉದ್ದಕ್ಕೆ ಸೀಳು ಬಿಟ್ಟಿತ್ತು. ಚಾರ್ಜ್ ಇದ್ದಿದ್ದರೆ ಹೆಪ್ಪುಗಟ್ಟುತ್ತಿರಲಿಲ್ಲ, ದೀಪ ಹೀರಿ ಖಾಲಿ ಮಾಡಿದ್ದರಿಂದ ಒಡೆದಿದೆ, ಇನ್ನು ಯಾರಿಂದಲೂ ಜೀವ ಬರಿಸೋಕಾಗಲ್ಲ ಅಂದಳು. ಆಮೇಲೆ, "ಇದನ್ನು ಹೊರಗೆ ಬಿಟ್ಟವರು ಯಾರು?" ಅಂತ ಕೇಳಿದಳು. ಪ್ರಭಾಕರ ನಮ್ಮ ಹಬ್ಬದ ಪದ್ಧತಿ ಅಂತ ಹೇಳಿದ. ಹೆಲ್ಗಾ ನನ್ನ ಕಡೆ ತಿರುಗಿ ನೋಡಿದಳು. ನನ್ನ ದೇವರ ಮುಂದೆ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ.

"ಜನರೇಟರಿಗೆ ಬ್ಯಾಟರಿ ಇದೆಯಲ್ಲ, ಅದನ್ನ ತಂದು ಹಾಕಿ," ಅಂದೆ.

"ಅದು ಸರ್ಕಾರದ್ದು ಅಕ್ಕ. ಮುಟ್ಟೋ ಹಂಗಿಲ್ಲ, ರೂಲ್ಸ್ ಇದೆ."

"ಅರ್ಧ ದಿನಕ್ಕೆ ಕೇಳ್ತಿರೋದು ರೀ. ಏರ್‌ಸ್ಟ್ರಿಪ್‌ಗೆ ಬಿಟ್ಟು ವಾಪಸ್ ತಂದ್ರೆ ಆಯ್ತು," ಅಂದಳು ವಿಮಲ.

"ನನ್ನ ಕೆಲಸ ಹೋದ್ರೆ?"

ರಾತ್ರಿ ಶಾಸ್ತ್ರ, ಬೆಳಿಗ್ಗೆ ರೂಲ್ಸು. ಬೀಗವೇ ಇಲ್ಲದ ಆ ಊರಲ್ಲಿ ಬೀಗ ಇದ್ದದ್ದು ಆ ಶೆಡ್ಡಿಗೆ ಮಾತ್ರ. ಅದರ ಕೀಲಿ ನನ್ನ ತಂಗಿ ಗಂಡನ ಜೇಬಲ್ಲಿ.

ವಿಮಲ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕಾಡಿನ ಹಾದಿ ಹಿಡಿದು ನಡೆದೇಬಿಟ್ಟಳು. ನಾನು ಹಿಂದೆ ಹೋದೆ. ಮೊಣಕಾಲು ತನಕ ಹಿಮ, ಒಂದು ಹೆಜ್ಜೆ ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತದೆ. ಒಂದು ಮೈಲಿಯೂ ಹೋಗಿರಲಿಲ್ಲ, ತಲೆ ಮೇಲೆ ವಿಮಾನ ಇಳಿಯಲು ಹೋಗುವ ಸದ್ದು ಕೇಳಿತು. ವಿಮಲ ಓಡಲು ನೋಡಿ ಬಿದ್ದಳು. ಅವಳನ್ನು ಎಬ್ಬಿಸಿ ಕೂರಿಸಿಕೊಂಡೆ. ಹಾಗೇ ಕೂತಿದ್ದೆವು. ಅದು ಮೂಟೆ ಇಳಿಸಿ, ಮತ್ತೆ ಎದ್ದು, ನಮ್ಮ ಮೇಲೇ ಹಾದುಹೋಯಿತು. ಹೆಲ್ಗಾ ಫ್ಲಾಸ್ಕ್ ಹಿಡಿದು ನಮ್ಮ ಹೆಜ್ಜೆ ಗುರುತು ಹಿಡಿದುಕೊಂಡು ಬಂದಳು.

ಮಧ್ಯಾಹ್ನ ಕೇಂದ್ರದ ರೇಡಿಯೋದಲ್ಲಿ ಆಸ್ಪತ್ರೆಯವರು ಸಿಕ್ಕರು. ಇನ್ನೊಂದು ದಿನ ಕೊಡಿ ಅಂದಳು ವಿಮಲ. ಆಗಲ್ಲ, ಬೇರೆಯವರು ಬರ್ತಿದಾರೆ, ಸಾರಿ ಅಂದರು. ಅಲ್ಲಿನ ಜನ ಹೊಟ್ಟೆ ಮೇಲೆ ಹೊಡೆಯುವಾಗಲೂ ಸಾರಿ ಅನ್ನದೆ ಹೊಡೆಯಲ್ಲ. ಅದೇ ರೇಡಿಯೋದಲ್ಲಿ, ಅದಾದ ಮೇಲೆ, ಪ್ರಭಾಕರ ಹೊಸ ಬ್ಯಾಟರಿಗೆ ಹೇಳಿದ.

ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿದೆ. "ಲೈಟ್ ಆರಿಸ್ತೀನಿ ಅಂದೋರು ನೀವಲ್ವಾ?"

"ಮರ್ತೋಯ್ತು ಅಕ್ಕ. ಮನುಷ್ಯ ಅಂದ್ಮೇಲೆ ಮರೆಯಲ್ವಾ?"

"ಉರೀತಿರೋ ಲೈಟಿನ ಮೇಲೆ ಗೋಣಿ ಹೊದಿಸಿ ಬಂದೋರಿಗೆ ಮರೆವು ಅಂತಾರಾ?"

ಅವನು ಅನ್ನ ಕಲೆಸುವುದನ್ನು ನಿಲ್ಲಿಸಿದ. ತಲೆ ತಗ್ಗಿಸಿಕೊಂಡೇ, "ಅವ್ಳು ಅಲ್ಲಿಗೆ ಹೋಗ್ಬುಟ್ರೆ ನಾನು ಇಲ್ಲಿ ಒಬ್ನೇ ಏನ್ಮಾಡ್ಲಿ?" ಅಂದ.

"ಆರು ವರ್ಷ ನಾನು ಇಲ್ಲಿ ಏನ್ಮಾಡಿದೆ ಅಂತ ಒಂದ್ಸಲನಾದ್ರೂ ಕೇಳಿದ್ರಾ?" ಅಂದಳು ವಿಮಲ. ಧ್ವನಿ ಏರಿಸಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದುಹೋದಳು. ಬೇಡ ಅಂತ ಬಾಯಿಬಿಟ್ಟು ಹೇಳಿದ್ದರೆ ಜಗಳ ಆಡಬಹುದಿತ್ತು. ದೇವರನ್ನು ಮುಂದಿಟ್ಟುಕೊಂಡು ಹಿಂದೆ ನಿಂತವನ ಜೊತೆ ಏನಂತ ಜಗಳ ಆಡೋದು?

ಮುಂದಿನ ಮಂಗಳವಾರ

ಬೇಟೆಯಿಂದ ವಾಪಸ್ ಬಂದಿದ್ದ ಹೆಲ್ಗಾಳ ಮಗ ನಮ್ಮನ್ನೆಲ್ಲ ತೊಟ್ಟಿಯಲ್ಲಿ ಕೂರಿಸಿಕೊಂಡು ಏರ್‌ಸ್ಟ್ರಿಪ್ಪಿಗೆ ಕರೆತಂದ. ನಾನೊಬ್ಬಳೇ ಹೊರಟಿದ್ದು. ನನ್ನ ಜೊತೆ ಬಂದುಬಿಡು ಅಂತ ವಿಮಲನಿಗೆ ಹಿಂದಿನ ದಿನ ಹೇಳಿ ನೋಡಿದ್ದೆ. "ಬಂದು? ಗುಬ್ಬೀಲಿ ಅಮ್ಮ ಪಕ್ಕದ್ಮನೆಯೋರಿಗೆ ಏನಂತ ಹೇಳ್ತಾಳೆ? ಬ್ಯಾಟರಿ ಹೋಯ್ತು, ಅದಕ್ಕೆ ಗಂಡನ್ನ ಬಿಟ್ಟು ಬಂದ್ಲು ಅಂತನಾ?" ಅಂದಿದ್ದಳು.

ವಿಮಾನ ಇಳಿಯಿತು. ಪೈಲಟ್ಟು ಮೊದಲು ಹೊರಗೆ ಕೊಟ್ಟಿದ್ದೇ ಒಂದು ಖಾಕಿ ರಟ್ಟಿನ ಪೆಟ್ಟಿಗೆ. ಪ್ರಭಾಕರ ಓಡಿಹೋಗಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡ, ಕೋಟಿನ ಗುಂಡಿ ಬಿಚ್ಚಿ ಒಳಗೆ ಬೆಚ್ಚಗೆ ಇಟ್ಟುಕೊಂಡ. ಆಸ್ಪತ್ರೆಯ ಊರಿಂದ ಬರೋ ವಿಮಾನ. ನನ್ನ ತಂಗಿಯನ್ನು ಕರೆದೊಯ್ಯದೆ ಹೋಗಿ, ಅವಳ ಬದಲಿಗೆ ಬ್ಯಾಟರಿ ತಂದಿತ್ತು.

"ಹೊಸ ಬ್ಯಾಟರಿ. ಪೂಜೆ ಮಾಡಲ್ವಾ ಪ್ರಭಾಕರ್? ಕರ್ಪೂರ ಇನ್ನೂ ಇದೆ," ಅಂದೆ.

ಅವನ ಗಮನ ಪೆಟ್ಟಿಗೆ ಮೇಲಿತ್ತು. "ಅಯ್ಯೋ, ನಂಗೆ ಅದರಲ್ಲೆಲ್ಲ ನಂಬಿಕೆ ಇಲ್ಲ ಅಂತ ನಿಮಗೆ ಗೊತ್ತಲ್ಲ ಅಕ್ಕ," ಅಂದ.

ಅಂದ ಮೇಲೆ ತಾನು ಅಂದದ್ದು ಏನು ಅಂತ ಅವನಿಗೇ ಕೇಳಿಸಿತು. ವಿಮಲನಿಗೂ ಕೇಳಿಸಿತು. ಅವಳು ನನ್ನ ಕೋಟಿನ ಕಾಲರು ಸರಿಮಾಡಿ, "ಹುಷಾರಾಗಿ ಹೋಗು ಅಕ್ಕ, ಕಿವಿ ಮುಚ್ಕೋ" ಅಂದಳು.

ಗುಬ್ಬಿ

ಊರಿಗೆ ಬಂದು ರೋಲ್ ತೊಳೆಸಿದಾಗ ಅರ್ಧಕ್ಕರ್ಧ ಫೋಟೋ ಬರೀ ಬಿಳಿ. ಚೆನ್ನಾಗಿ ಬಂದಿದ್ದು ಪೂಜೆಯದು ಮಾತ್ರ. ನಾನು ಹರಿದು ಹಾಕುವ ಮುಂಚೆ ಅದು ಅಮ್ಮನ ಕೈಗೆ ಸಿಕ್ಕಿತು. ವಿಮಲನ ಇಂಟರ್‌ವ್ಯೂ ಏನಾಯಿತು ಅಂತ ಕೇಳಿದಳು. ಆಗಲಿಲ್ಲ, ಗಾಡಿ ಕೆಟ್ಟಿತ್ತು ಅಂದೆ. "ಹೋಗ್ಲಿ ಬಿಡು, ಅವಳಿಗೇನು ಕಮ್ಮಿಯಾಗಿದೆ" ಅಂದಳು ಅಮ್ಮ. ಫೋಟೋಗೆ ಕಟ್ಟು ಹಾಕಿಸಿ ದೇವರಮನೆ ಬಾಗಿಲ ಪಕ್ಕ ನೇತುಹಾಕಿದಳು.

ಬಂದವರಿಗೆಲ್ಲ ಅದನ್ನು ತೋರಿಸುತ್ತಾಳೆ. "ನಮ್ಮ ಸಣ್ಣಳಿಯಂದ್ರು. ಅಂಥಾ ಚಳೀಲೂ ಆಯುಧಪೂಜೆ ಬಿಟ್ಟಿಲ್ಲ ನೋಡಿ." ಬಂದವರು ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ, ಅಳಿಯ ಅಂದರೆ ಹಿಂಗಿರಬೇಕು ಅನ್ನುತ್ತಾರೆ, ವಿಮಲನ ಪುಣ್ಯ ಅನ್ನುತ್ತಾರೆ. ನಾನು ಕಾಫಿ ತರೋ ನೆಪದಲ್ಲಿ ಒಳಗೆ ಹೋಗುತ್ತೇನೆ. ಅಲ್ಲಿಗೆ ಹೋಗಬೇಕಾದರೂ ಆ ಫೋಟೋ ದಾಟಿಯೇ ಹೋಗಬೇಕು. ಅದರಲ್ಲಿ ಕೈಮುಗಿದು ನಿಂತ ನನ್ನ ತಂಗಿ ನಾಳೆ ಹೊರಡುತ್ತೀನಿ ಅಂದುಕೊಂಡು ನಗುತ್ತಿದ್ದಾಳೆ, ಅವಳ ಪಕ್ಕದಲ್ಲಿ ಹೆಡ್‌ಲೈಟು ಉರಿಯುತ್ತಿದೆ.